ಹೊಸ ಮಣ್ಣಿನ ಕೆಳಗೆ

ಜನವರಿ ೬

ಮಾವ,

ನೀನು ಕೂತು ಕೂತು ಸವೆಸಿದ ಕುರ್ಚಿಯಲ್ಲಿ ಈಗ ನಾನು ಕೂತಿದ್ದೇನೆ. ಹಿಂದಿನ ಎಡಗಾಲು ಇನ್ನೂ ಅಲ್ಲಾಡುತ್ತದೆ. ಅದರಡಿಗೆ ನೀನು ಮಡಚಿಟ್ಟ ರಟ್ಟಿನ ತುಂಡು ಹಾಗೇ ಇದೆ, ನಾನೂ ತೆಗೆಯಲಿಲ್ಲ. ಸ್ಮಶಾನದ ಮೇಲ್ವಿಚಾರಕಿ ಅಂತ ಪುರಸಭೆಯ ಆದೇಶ ಮನೆಗೆ ಬಂದ ದಿನದಿಂದ ಅಮ್ಮ ಮುಖ ಊದಿಸಿಕೊಂಡಿದ್ದಾಳೆ. "ಹುಡುಗನ ಕಡೆಯವರು ಬಂದ್ರೆ ಏನಂತ ಹೇಳ್ಲಿ, ನನ್ ಮಗಳು ಹೆಣ ಕಾಯ್ತಾಳೆ ಅಂತನಾ?" ಅಂದಳು. ಹಾಗೇ ಹೇಳು, ಹೆದರುವವನು ಬಾಗಿಲಿನಿಂದಲೇ ವಾಪಸ್ ಹೋಗಲಿ, ಕಾಫಿ ಉಳಿಯುತ್ತದೆ ಅಂದೆ. ಎಲ್ಲಾ ನಿನ್ನಿಂದಲೇ ಅಂತ ಅವಳ ವಾದ. ಚಿಕ್ಕಂದಿನಲ್ಲಿ ನನ್ನನ್ನು ಸಮಾಧಿ ಕಲ್ಲುಗಳ ನಡುವೆ ಆಡಲು ಬಿಟ್ಟವನು ನೀನೇ ತಾನೆ.

ಜ್ವರದಲ್ಲಿ ನಿನ್ನ ಕಿವಿ ಹೋಗದೆ ಇದ್ದಿದ್ದರೆ ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಈಗ ಕಾಗದವೇ ಗತಿ. ಸುದ್ದಿ ಒಳ್ಳೆಯದಲ್ಲ.

ಲಾರಿ ಮನೆಯವರು ಬಂದಿದ್ದರು. ನಿನಗೆ ಗೊತ್ತಿರುವ ಕಥೆಯನ್ನೇ ಹೇಳುತ್ತೇನೆ. ನಾನು ಕೇಳಿದ್ದು ಬೀದಿಯಲ್ಲಿ, ತಪ್ಪಿದ್ದರೆ ತಿದ್ದು. ಹನ್ನೆರಡು ವರ್ಷದ ಹಿಂದೆ ಅವರ ಕಿರಿಯ ಮಗ ಬಡಗಿಯ ಅಂಗಡಿಗೆ ಅಡ್ಡವಾಗಿ ಲಾರಿ ನಿಲ್ಲಿಸಿದ. ತೆಗೆಯಪ್ಪ ಅಂದ ಬಡಗಿಯ ಮುದಿ ಅಪ್ಪನ ಕೆನ್ನೆಗೆ ಬಾರಿಸಿ ಮೋರಿಗೆ ಕೆಡವಿದ. ಬಡಗಿ ಕೆಲಸದಿಂದ ಎದ್ದು ಬಂದ, ಕೈಯಲ್ಲಿದ್ದ ಉಳಿಯನ್ನು ಅವನ ಗಂಟಲಿಗೆ ಇಳಿಸಿದ. ಆಮೇಲೆ ಅಣ್ಣಂದಿರು ಮೂವರೂ ಸೇರಿ ಬಡಗಿಯನ್ನು ಅವನ ಅಂಗಡಿಯ ಹಲಗೆಗಳಿಂದಲೇ ತಲೆಗೆ ಹೊಡೆದು ಕೊಂದರು. ಬೀದಿಯೆಲ್ಲ ನಿಂತು ನೋಡಿತು, ಸಾಕ್ಷಿ ಹೇಳಲು ಒಂದು ನರಪಿಳ್ಳೆಯೂ ಬರಲಿಲ್ಲ. ಲಾರಿ ಮನೆಯ ಯಜಮಾನ ನಡುರಸ್ತೆಯಲ್ಲಿ ನಿಂತು, ತನ್ನ ಮಗನನ್ನು ಕೊಂದವನಿಗೆ ಈ ಊರಿನ ಮಣ್ಣು ಸಿಗಬಾರದು ಅಂತ ಆಣೆ ಇಟ್ಟ. ಪೊಲೀಸರು ಹೆಣವನ್ನು ಬೇರೆ ಊರಿಗೆ ಸಾಗಿಸಿದರು ಅಂತ ಇಲ್ಲಿಯವರೆಗೆ ಎಲ್ಲರೂ ನಂಬಿದ್ದರು.

ಈಗ ಪುರಸಭೆ ಹಳೆಯ ದಫ್ತರಗಳನ್ನೆಲ್ಲ ಹೊಸದಾಗಿ ಬರೆಸುತ್ತಿದೆ. ಬರೆಯಲು ಮನೆಗೆ ಒಯ್ದವನು ಸ್ಮಶಾನ ಸಮಿತಿಯ ಕಾರ್ಯದರ್ಶಿ, ಅಂದರೆ ಲಾರಿ ಮನೆಯ ಅಳಿಯ. ಅದರಲ್ಲಿ ನಿನ್ನ ಕೈಬರಹದಲ್ಲೇ ಇದೆಯಂತೆ: ಬಡಗಿ, ಪೂರ್ವದ ಗೋಡೆ ಸಾಲು, ಕೊನೆಯ ಜಾಗ.

ಲಾರಿ ಮನೆಯ ದೊಡ್ಡಣ್ಣ ನನ್ನ ಮೇಜಿನ ಮೇಲೆ ಕಾಲಿಟ್ಟು ಮಾತಾಡಿದ. "ಅವನ ಎಲುಬು ತೆಗೆದು ಮೋರಿಗೆ ಸುರೀತೀವಿ. ನಮ್ಮಪ್ಪ ಕಣ್ಣು ಮುಚ್ಚೋಕೆ ಮುಂಚೆ ಅದನ್ನ ನೋಡ್ಬೇಕು." ನ್ಯಾಯಾಲಯದ ಅಪ್ಪಣೆ ಇಲ್ಲದೆ ಗುಣಿ ಬಿಚ್ಚುವುದಿಲ್ಲ ಅಂದೆ. ಹೋಗುವಾಗ ಪೂರ್ವದ ಸಾಲಿನ ಕಲ್ಲುಗಳನ್ನೆಲ್ಲ ಸುತ್ತಿಗೆಯಿಂದ ಪುಡಿಮಾಡಿ ಹೋದರು, ಪಾಪ, ಯಾರ‍್ಯಾರದೋ ಅಜ್ಜಿಯರ ಕಲ್ಲು.

ಬಡಗಿ ನಿಜವಾಗಿ ಅಲ್ಲಿದ್ದಾನೆಯೇ? ಬೇಗ ಬರೆ.

ನಿನ್ನ ಪುಟ್ಟಿ

*

ಜನವರಿ ೧೫

ಪುಟ್ಟಿ,

ಕುರ್ಚಿ ಜೋಪಾನ. ಎಡಕ್ಕೆ ವಾಲಿ ಕೂರಬೇಡ, ಅದು ನನ್ನನ್ನು ಎರಡು ಸಲ ಕೆಡವಿದೆ.

ನಾನಿಲ್ಲಿ ಮಗಳ ಮನೆಯ ಮೂರನೆಯ ಮಹಡಿಯಲ್ಲಿ ಕಿಟಕಿಗೆ ಅಂಟಿಕೊಂಡಿದ್ದೇನೆ. ಕೆಳಗೆ ಎಲ್ಲಿ ನೋಡಿದರೂ ಸಿಮೆಂಟು. ಇವರಿಗೆಲ್ಲ ಸತ್ತ ಮೇಲೆ ಜಾಗ ಎಲ್ಲಿದೆ ಅಂತ ಅಳಿಯನನ್ನು ಕೇಳಿದೆ. ಊಟದ ಹೊತ್ತಿನಲ್ಲಿ ಇಂಥದ್ದು ಬೇಡ ಮಾವ ಅಂತ ಕಾಗದದಲ್ಲಿ ಬರೆದು ತೋರಿಸಿದ. ಒಳ್ಳೆಯ ಹುಡುಗ, ಆದರೆ ಬದುಕಿನ ಬಗ್ಗೆ ಏನೂ ಗೊತ್ತಿಲ್ಲ.

ನಿನ್ನ ಕೆಲಸಕ್ಕೆ ಬೇಕಾದ್ದು ಹೇಳುತ್ತೇನೆ. ಗುಣಿ ತೋಡಿಸುವ ಮುಂಚೆ ಹಾರೆ ಇಳಿಸಿ ನೋಡು. ಹಾರೆ ಸಲೀಸಾಗಿ ಇಳಿದರೆ ಅಲ್ಲಿ ಯಾರೋ ಇದ್ದಾರೆ. ಒಂದೇ ಮನೆಯ ಇಬ್ಬರನ್ನು ಒಂದೇ ಗುಣಿಯಲ್ಲಿ ಮಲಗಿಸಲು ಕೇಳಿದರೆ ಮೊದಲನೆಯವರನ್ನು ಆಳಕ್ಕೆ ಇಡಿಸು, ಎರಡನೆಯವರು ಮೇಲೆ. ಗುಣಿಯಪ್ಪನಿಗೆ ಎಲ್ಲಾ ಗೊತ್ತು. ನಲವತ್ತು ವರ್ಷದಿಂದ ಅಗೆಯುತ್ತಿದ್ದಾನೆ, ಆದರೆ ಬಾಯಿ ಬಿಟ್ಟರೆ ಕಾಸು ಬೀಳುತ್ತದೆ ಅನ್ನುವ ಹಾಗೆ ಇರುತ್ತಾನೆ.

ನೀನು ಕೇಳಿದ ಇನ್ನೊಂದು ವಿಷಯ ನನಗೆ ನೆನಪಿಲ್ಲ. ವಯಸ್ಸಾಯಿತು. ಕಚೇರಿಯ ವಿಳಾಸಕ್ಕೆ ಬರುವ ಕಾಗದ ಮೊದಲು ಯಾರ ಕೈಗೆ ಹೋಗುತ್ತದೆ ಅನ್ನುವುದು ನೆನಪಿದೆ. ಕಾರ್ಯದರ್ಶಿಗಳಿಗೆ ನನ್ನ ನಮಸ್ಕಾರ, ಓದುತ್ತಿದ್ದರೆ.

ಮಾವ

*

ಫೆಬ್ರವರಿ ೩

ಮಾವ,

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಹೊಸ ಪೆನ್ನು, ಇನ್ನೂ ಕೈಗೆ ಒಗ್ಗಿಲ್ಲ.

ನೆನಪಿಲ್ಲ ಅಂತ ಆರಾಮವಾಗಿ ಬರೆದೆಯಲ್ಲ, ಇಲ್ಲಿ ಏನಾಯಿತು ಕೇಳು. ಶುಕ್ರವಾರ ಮಧ್ಯಾಹ್ನ ಮೂವರು ಅಣ್ಣಂದಿರೂ ಆಳುಗಳನ್ನು ಲಾರಿಯಲ್ಲಿ ತುಂಬಿಕೊಂಡು ಬಂದರು. ಗುಣಿಯಪ್ಪನಿಗೆ ಪೂರ್ವದ ಗೋಡೆಯ ಕೊನೆಯ ಜಾಗ ಅಗೆ ಅಂದರು. ಅವನು ನನ್ನ ಮುಖ ನೋಡಿದ. ಬೇಡ ಅಂತ ತಲೆ ಆಡಿಸಿದೆ. ಅವನು ಗುದ್ದಲಿ ಕೆಳಗಿಟ್ಟು ಅದರ ಮೇಲೇ ಕೂತುಬಿಟ್ಟ. ನಡುವಿನವನು ಅವನ ಕೈಯನ್ನು ಕಲ್ಲಿನ ಮೇಲೆ ಚಾಚಿಸಿ ಸಲಿಕೆಯ ಬೆನ್ನಿನಿಂದ ಬಡಿದ. ಮೊದಲ ಏಟಿಗೇ ಮುರಿದ ಸದ್ದು ಕೇಳಿಸಿತು. ಆದರೂ ಇನ್ನೊಂದು ಕೊಟ್ಟ. ಗುಣಿಯಪ್ಪ ಕೂಗಲಿಲ್ಲ ಮಾವ, ಬರೀ ಉಸಿರು ಬಿಟ್ಟ.

ಅವರೇ ಅಗೆದರು. ಮೊಣಕಾಲುದ್ದ, ಸೊಂಟದುದ್ದ, ಎದೆಯುದ್ದ. ಗಟ್ಟಿ ಮಣ್ಣು, ಯಾರೂ ಎಂದೂ ಮುಟ್ಟಿರದ ಮಣ್ಣು. ಅಲ್ಲಿ ಏನೂ ಇರಲಿಲ್ಲ.

ದೊಡ್ಡಣ್ಣ ಗುಣಿಯಿಂದ ಮೇಲೆ ಬಂದು ನಕ್ಕ. "ನಿನ್ ಮಾವ ಆ ಹೆಣಾನ ಡಾಕ್ಟರ್ ಕಾಲೇಜಿಗೆ ಮಾರ್ಕೊಂಡಿದಾನೆ. ಅದಕ್ಕೇ ರಿಟೈರ್ ಆದ ರಾತ್ರೀನೇ ಊರು ಬಿಟ್ಟ" ಅಂದ. ಊರೆಲ್ಲ ಈಗ ಅದನ್ನೇ ಹೇಳುತ್ತಿದೆ. ಅಮ್ಮ ಹಾಲಿನ ಅಂಗಡಿಗೆ ಹೋದರೆ ಜನ ಮಾತು ನಿಲ್ಲಿಸುತ್ತಾರಂತೆ.

ಪೊಲೀಸ್ ಠಾಣೆಗೆ ಹೋದೆ. ದೂರು ಬರೆದುಕೊಳ್ಳುವವನು ಪೆನ್ನಿಗೆ ಶಾಯಿ ಇಲ್ಲ ಅಂದ. ನನ್ನ ಪೆನ್ನು ಕೊಟ್ಟೆ. ಅದನ್ನು ಜೇಬಿಗೆ ಸಿಕ್ಕಿಸಿಕೊಂಡು ನಾಳೆ ಬಾಮ್ಮ ಅಂದ.

ಮಾವ, ನಾನು ನೇರವಾಗಿ ಕೇಳುತ್ತೇನೆ. ದಫ್ತರದಲ್ಲಿ ಸುಳ್ಳು ಯಾಕೆ ಬರೆದೆ? ಆ ವರ್ಷವೇ ನಿನ್ನ ಮಗಳ ಮದುವೆಯಾಯಿತು. ಆ ಖರ್ಚಿಗೆ ಎಲ್ಲಿಂದ ಬಂತು? ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ. ಆದರೆ ಗುಣಿಯಪ್ಪನ ಕೈ ನೋಡಿದ ಮೇಲೆ ಕೇಳದೆ ಇರಲಾರೆ.

ಪುಟ್ಟಿ

*

ಫೆಬ್ರವರಿ ೧೨

ಮಾರಿಲ್ಲ.

ಅಕ್ಷರ ನೋಡಿದರೆ ಸಿಟ್ಟಿನಲ್ಲಿ ಕಣ್ಣುಮುಚ್ಚಿ ಬರೆದ ಹಾಗಿದೆ. ಸಿಟ್ಟು ಇಳಿದ ಮೇಲೂ ನಿನಗೆ ಅನುಮಾನ ಉಳಿದಿದ್ದರೆ ನನಗೆ ಬರೆಯಬೇಡ.

ಗುಣಿಯಪ್ಪನ ಕೈಗೆ ಒಳ್ಳೆಯ ಕಟ್ಟು ಹಾಕಿಸು.

*

ಮಾರ್ಚ್ ೨೪

ಮಾವ,

ಬರೆಯಬೇಡ ಅಂತ ನೀನು ಅಂದಿದ್ದೆ. ಇಷ್ಟು ದಿನ ನಾನೂ ಹಟ ಹಿಡಿದು ಕೂತಿದ್ದೆ. ಈಗ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ, ಮೊದಲು ಪೂರ್ತಿ ಓದು, ಆಮೇಲೆ ಹರಿ.

ಗುಣಿಯಪ್ಪನಿಗೆ ಗಂಜಿ ಕೊಡಲು ಹೋಗಿದ್ದೆ. ನೀನು ಹೆಣ ಮಾರಿದೆಯೋ ಇಲ್ಲವೋ ಅಂತ ಕೇಳಿದೆ. ಅವನು ಗಂಜಿಯ ಬಟ್ಟಲು ಕೆಳಗಿಟ್ಟ. "ನಿನ್ ಮಾವನ ಕಿವಿ ಜ್ವರದಲ್ಲಿ ಹೋಯ್ತು ಅಂತ ಯಾರ್ ಹೇಳಿದ್ದು ನಿಂಗೆ?" ಅಂದ. ಆಮೇಲೆ ಎಲ್ಲ ಹೇಳಿದ. ಆ ಕೊಲೆಯಾದ ವಾರ ಲಾರಿ ಮನೆಯವರು ನಿನ್ನನ್ನು ಹೆಣ ತೊಳೆಯುವ ಕೋಣೆಯಲ್ಲಿ ಕೂಡಿಹಾಕಿದ್ದು. ಬಡಗಿ ಎಲ್ಲಿ ಅಂತ ಕೇಳುತ್ತಾ ಎರಡೂ ಕಿವಿಗೆ ಒಟ್ಟಿಗೆ ಅಂಗೈಯಿಂದ ಬಾರಿಸಿದ್ದು, ರಕ್ತ ಬರುವವರೆಗೆ, ಬಂದ ಮೇಲೂ. ಪೊಲೀಸರು ಒಯ್ದರು ಅನ್ನುವ ಒಂದೇ ಮಾತು ನೀನು ಆಡಿದ್ದು. ನಮಗೆಲ್ಲ ನೀನು ಜ್ವರ ಅಂತ ಹೇಳಿದೆ. ಆಗ ನಿನ್ನ ಹಾಸಿಗೆಯ ಪಕ್ಕ ಕೂತು, ಕೇಳಿಸ್ತಾ ಮಾವ, ಕೇಳಿಸ್ತಾ ಮಾವ ಅಂತ ಆಟ ಆಡಿಸುತ್ತಿದ್ದವಳು ನಾನೇ. ನನ್ನನ್ನು ಕ್ಷಮಿಸು ಅನ್ನುವುದಿಲ್ಲ, ಬೇಕಾದಷ್ಟು ಬೈ, ಆದರೆ ಬರೆ.

ನಾನೂ ಒಂದು ಮುಚ್ಚಿಟ್ಟಿದ್ದೆ. ಅಕ್ಷರ ಸೊಟ್ಟಗಾದದ್ದು ಪೆನ್ನಿನ ತಪ್ಪಲ್ಲ. ಆ ಶುಕ್ರವಾರ ದಫ್ತರ ಇಡುವ ಕಬ್ಬಿಣದ ಬೀರುವಿನ ಬಾಗಿಲಿಗೆ ದೊಡ್ಡಣ್ಣ ನನ್ನ ಬಲಗೈ ಸಿಕ್ಕಿಸಿ ಒದ್ದ. ಎರಡು ಬೆರಳು ಇನ್ನು ಮಡಚುವುದಿಲ್ಲ. ಆ ಕಾಗದ ಬರೆದದ್ದು ಎಡಗೈಯಲ್ಲಿ, ಇದೂ ಹಾಗೇ. ಅಮ್ಮನಿಗೆ ಬಾಗಿಲು ಗಾಳಿಗೆ ಬಡಿಯಿತು ಅಂದಿದ್ದೇನೆ. ನಮ್ಮ ಮನೆಯಲ್ಲಿ ಈ ರೋಗ ಎಲ್ಲರಿಗೂ ಇದೆ ಅಂತ ಕಾಣುತ್ತದೆ.

ಇನ್ನೊಂದು ಸಂಗತಿ. ಪ್ರತಿ ಬುಧವಾರ ಒಬ್ಬಳು ಮುದುಕಿ ಪಶ್ಚಿಮದ ಗೋಡೆಯಾಚೆ ಕಲ್ಲಿನ ಮೇಲೆ ಹತ್ತಿ ನಿಂತು ಒಳಗೆ ನೋಡುತ್ತಾಳೆ. ಬಡಗಿಯ ತಾಯಿ. ಗಂಡ, ಮಗ ಇಬ್ಬರೂ ಹೋದ ಮೇಲೆ ದರ್ಜಿ ಅಂಗಡಿಗೆ ಗುಂಡಿ ಹೊಲಿದುಕೊಟ್ಟು ಬದುಕುತ್ತಿದ್ದಾಳೆ. ಅವಳು ನೋಡುವುದು ಲಾರಿ ಮನೆಯ ಕಿರಿಯವನ ಸಮಾಧಿಯನ್ನು. ಮಗ ಮಾಡಿದ್ದಕ್ಕೆ ಕೊರಗುತ್ತಿದ್ದಾಳೆ ಅಂತ ಮೊದಲು ಅಂದುಕೊಂಡೆ, ಇಲ್ಲ, ಶಾಪ ಹಾಕುತ್ತಿದ್ದಾಳೆ ಅಂತ ಆಮೇಲೆ. ಒಳಗೆ ಬಾ ಅಂದರೆ ಬರುವುದಿಲ್ಲ. ಮಗನ ಮಾತು ಎತ್ತಿದರೆ ಮಾತ್ರ ಮುಖ ಅರಳುತ್ತದೆ. ಚಿಕ್ಕವನಿದ್ದಾಗ ಅಪ್ಪನ ಸುತ್ತಿಗೆ ಹಿಡಿದು ಆಡುತ್ತಾ ಮುಂದಿನ ಹಲ್ಲು ಅರ್ಧ ಮುರಿದುಕೊಂಡನಂತೆ. "ನಕ್ಕಾಗ ಆ ಸಂದೀಲಿ ನಾಲಿಗೆ ತುದಿ ಕಾಣ್ತಿತ್ತು ಕಣಮ್ಮ" ಅಂದಳು. ಮಗನ ಎಲುಬು ಯಾವ ಕಾಲೇಜಿನ ಗಾಜಿನ ಪೆಟ್ಟಿಗೆಯಲ್ಲಿ ನೇತಾಡುತ್ತಿದೆಯೋ ಅಂತ ಊರವರು ಅವಳ ಮುಖದ ಮೇಲೇ ಹೇಳುತ್ತಾರೆ. ಅವಳು ಅಳುವುದೂ ಇಲ್ಲ.

ಲಾರಿ ಮನೆಯ ಯಜಮಾನ ಹಾಸಿಗೆ ಹಿಡಿದಿದ್ದಾನೆ, ಇಂದೋ ನಾಳೆಯೋ. ತನ್ನನ್ನು ಕಿರಿಯ ಮಗನ ಗುಣಿಯಲ್ಲೇ, ಅವನ ಕೆಳಗೆ ಮಲಗಿಸಬೇಕು ಅಂತ ಹೇಳಿದ್ದಾನಂತೆ. ಮಗನನ್ನು ಎದೆಯ ಮೇಲೆ ಹಾಕಿಕೊಂಡು ಮಲಗುತ್ತಾನಂತೆ. ಮನುಷ್ಯ ಎಷ್ಟೇ ಕೆಟ್ಟವನಾದರೂ ಇದನ್ನು ಕೇಳಿ ನನಗೆ ಅಯ್ಯೋ ಅನ್ನಿಸಿತು.

ಬಡಗಿ ಎಲ್ಲಿದ್ದಾನೆ ಮಾವ? ಕೆಳಗೆ ದರ್ಜಿ ಅಂಗಡಿಯ ವಿಳಾಸ ಕೊಟ್ಟಿದ್ದೇನೆ. ಅಲ್ಲಿಗೆ ಬಂದದ್ದನ್ನು ಯಾರೂ ಬಿಚ್ಚುವುದಿಲ್ಲ.

ಪುಟ್ಟಿ

*

ಮಾರ್ಚ್ ೩೧

ಪುಟ್ಟಿ, ನನ್ನ ಕಂದ,

ನಿನ್ನ ಬೆರಳಿನ ವಿಷಯ ಓದಿ ಮೂರನೆಯ ಮಹಡಿಯಿಂದ ಇಳಿದು ಬಸ್ ನಿಲ್ದಾಣದವರೆಗೆ ಹೋಗಿದ್ದೆ, ಅವನನ್ನು ಕೊಲ್ಲಲು. ಅಳಿಯ ಹಿಂದೆಯೇ ಓಡಿಬಂದು ಕರೆದುಕೊಂಡು ಹೋದ. ಮುದುಕನ ಕೋಪಕ್ಕೆ ಚಪ್ಪಲಿಯೂ ಇರಲಿಲ್ಲ ಕಾಲಲ್ಲಿ.

ಈಗ ಗಮನವಿಟ್ಟು ಓದು. ಓದಿದ ಮೇಲೆ ಇದನ್ನು ಒಲೆಗೆ ಹಾಕು.

ಆ ದಿನ ಕರ್ಫ್ಯೂ. ಲಾರಿ ಮನೆಯ ಕಿರಿಯವನನ್ನು ಮರುದಿನ ಬೆಳಗ್ಗೆ ಮಣ್ಣು ಮಾಡುವುದು ಅಂತ ನಿಶ್ಚಯವಾಗಿತ್ತು. ಗುಣಿಯಪ್ಪ ಗುಣಿ ತೋಡಿಟ್ಟು ಮನೆಗೆ ಹೋಗಿದ್ದ. ಮಧ್ಯಾಹ್ನ ಪೊಲೀಸ್ ಜೀಪು ಬಂದು ಬಡಗಿಯನ್ನು ಗೋಣಿಯಲ್ಲಿ ಸುತ್ತಿ ನನ್ನ ಬಾಗಿಲಲ್ಲಿ ಇಳಿಸಿತು. ಎಲ್ಲಾದರೂ ಹೂಳು, ಏನಾದರೂ ಬರೆದುಕೋ, ನಮ್ಮನ್ನು ಕೇಳಬೇಡ ಅಂದು ಜೀಪು ತಿರುಗಿಸಿದರು. ಅವನ ತಾಯಿ ಗೋಡೆಗುಂಟ ಬಗ್ಗಿಕೊಂಡು ಬಂದಳು. ತಲೆಯ ಆಕಾರವೇ ಉಳಿದಿರಲಿಲ್ಲ, ಆದರೂ ಅವಳು ಸೆರಗಿನಿಂದ ಕೂದಲು ಒರೆಸುತ್ತಲೇ ಇದ್ದಳು.

ನಾನು ಎಲ್ಲಿ ತೋಡಿದರೂ ಹೊಸ ಮಣ್ಣು ಕಾಣುತ್ತದೆ. ನಾಳೆ ಬರುವವರ ಕಣ್ಣು ಮೊದಲು ಬೀಳುವುದೇ ಅದರ ಮೇಲೆ. ಹೊಸ ಮಣ್ಣು ಇದ್ದರೂ ಯಾರೂ ಅನುಮಾನಪಡದ ಜಾಗ ಇಡೀ ಸ್ಮಶಾನದಲ್ಲಿ ಒಂದೇ ಇತ್ತು.

ಕಿರಿಯವನ ಗುಣಿಗೆ ಇಳಿದು ಇನ್ನೂ ಆಳ ಮಾಡಿದೆ, ಬಂಡೆ ಸಿಗುವವರೆಗೆ. ತಲೆ ನಾನು ಹಿಡಿದೆ, ಕಾಲು ಅವಳು ಹಿಡಿದಳು. ಇಬ್ಬರೂ ಸೇರಿ ಇಳಿಸಿದೆವು. ಮೇಲೆ ಒಂದು ಗೇಣು ಮಣ್ಣು ಹಾಕಿ ತುಳಿದು ಸಮ ಮಾಡಿದೆ. ಬಂಡೆ ಇದ್ದದ್ದರಿಂದ ಅದಕ್ಕಿಂತ ಹೆಚ್ಚು ಅಂತರ ಸಿಗಲಿಲ್ಲ. ಬೆಳಗ್ಗೆ ಅಣ್ಣಂದಿರು ತಮ್ಮನನ್ನು ತಮ್ಮ ಕೈಯಿಂದಲೇ ಅದರ ಮೇಲೆ ಮಲಗಿಸಿದರು, ಅತ್ತರು, ಮಣ್ಣು ಎಳೆದರು. ನಾನು ಪಕ್ಕದಲ್ಲಿ ನಿಂತು ಹಗ್ಗ ಹಿಡಿದಿದ್ದೆ. ಬಡಗಿಯನ್ನು ಹುಡುಕಿ ಊರೆಲ್ಲ ಅಗೆದರೂ ತಮ್ಮನ ಗುಣಿಯನ್ನು ಮಾತ್ರ ಅವರು ಮುಟ್ಟಲಾರರು ಅಂತ ನನ್ನ ಲೆಕ್ಕ.

ದಫ್ತರದಲ್ಲಿ ಬರೆಯದೆ ಬಿಡಲು ಮನಸ್ಸು ಬರಲಿಲ್ಲ, ಸರಿಯಾದ ಜಾಗ ಬರೆಯಲು ಧೈರ್ಯ ಬರಲಿಲ್ಲ. ಆ ಮುದುಕಿ ಶಾಪ ಹಾಕುತ್ತಿಲ್ಲ ಪುಟ್ಟಿ. ಮಗನನ್ನು ನೋಡುತ್ತಿದ್ದಾಳೆ. ಒಳಗೆ ಕಾಲಿಟ್ಟರೆ ಅನುಮಾನ ಬರುತ್ತದೆ ಅಂತ ನಾನೇ ಅವಳಿಗೆ ಹೇಳಿದ್ದೆ.

ಯಜಮಾನನನ್ನು ಕೆಳಗೆ ಮಲಗಿಸಲು ಬಿಡಬೇಡ. ಕೆಳಗೆ ಬಂಡೆ ಇದೆ ಅನ್ನು, ನಿಯಮ ಇದೆ ಅನ್ನು, ಏನಾದರೂ ಅನ್ನು. ಅವನನ್ನು ಮೇಲೆ ಇಡಿಸು. ಕಿರಿಯವನ ಕೆಳಗೆ ಗುದ್ದಲಿ ಹೋಗಕೂಡದು.

ಮಾವ

*

ಏಪ್ರಿಲ್ ೪

ಮಾವ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ಇನ್ನೂ ಕೋಪವೇ?

ಲಾರಿ ಮನೆಯ ಯಜಮಾನ ಇಂದು ಬೆಳಗಿನ ಜಾವ ತೀರಿಕೊಂಡ. ದೊಡ್ಡಣ್ಣ ಕಚೇರಿಗೆ ಬಂದು ಮೊದಲ ಬಾರಿಗೆ ಮನುಷ್ಯರ ಹಾಗೆ ಮಾತಾಡಿದ, ಮೇಜಿನ ಮೇಲೆ ಕಾಲಿಡಲಿಲ್ಲ. ತಮ್ಮನ ಎಲುಬುಗಳನ್ನು ಜೋಪಾನವಾಗಿ ಮೇಲೆತ್ತಿ, ಬಿಳಿ ಬಟ್ಟೆಯಲ್ಲಿ ಕಟ್ಟಿ, ಗುಣಿ ಇನ್ನಷ್ಟು ಆಳ ಮಾಡಿ, ಕೆಳಗೆ ಅಪ್ಪನನ್ನು ಮಲಗಿಸಿ, ಅವನ ಎದೆಯ ಮೇಲೆ ಮಗನನ್ನು ಇಡಬೇಕು. ಒಂದೇ ಮನೆಯವರು, ಪುರಸಭೆಯ ಒಪ್ಪಿಗೆಯೂ ಇದೆ. ಸರಿ ಅಂತ ಸಹಿ ಹಾಕಿಕೊಟ್ಟೆ. ನಾಳೆ ಬೆಳಗ್ಗೆ ಕೆಲಸ.

ಬಡಗಿಯ ಎಲುಬಿನ ಜಗಳ ಬಿಟ್ಟು ಬೇರೆ ಏನಾದರೂ ಒಂದು ಕೆಲಸ ಸುಸೂತ್ರವಾಗಿ ನಡೆಯುತ್ತಿದೆಯಲ್ಲ ಅಂತ ಸಮಾಧಾನ. ಒಂದೇ ತೊಡಕು, ಗುಣಿಯಪ್ಪನ ಕೈ ಇನ್ನೂ ಕೂಡಿಲ್ಲ, ಊರಲ್ಲಿ ಬೇರೆ ಅಗೆಯುವವರಿಲ್ಲ. ಜೆಸಿಬಿ ತರುತ್ತೇವೆ ಅಂದಿದ್ದಾರೆ.

ಪುಟ್ಟಿ

*

ಏಪ್ರಿಲ್ ೭

ಮಾವ,

ನಿನ್ನ ಕಾಗದ ನನ್ನ ಕೈಗೆ ಬಂದದ್ದು ಶನಿವಾರ ಬೆಳಗ್ಗೆ. ದರ್ಜಿ ಗೇಟಿನವರೆಗೆ ತಂದುಕೊಟ್ಟ. ನಿಂತಲ್ಲೇ ಓದಿದೆ. ಒಳಗೆ ಜೆಸಿಬಿ ಆಗಲೇ ಸದ್ದು ಮಾಡುತ್ತಿತ್ತು.

ಓಡಿದೆ. ಕೆಳಗೆ ಬಂಡೆ ಇದೆ, ಅಪ್ಪನನ್ನು ಮೇಲೆ ಮಲಗಿಸಿ, ಎಲುಬು ಕೈಯಲ್ಲೇ ಎತ್ತಬೇಕು, ನಿಯಮ ಇದೆ, ಬಾಯಿಗೆ ಬಂದದ್ದೆಲ್ಲ ಹೇಳಿದೆ. ದೊಡ್ಡಣ್ಣ ಹೆಗಲ ಮೇಲಿನ ಹೆಣ ಇಳಿಸಿ ಬಂದ. "ನಿನ್ನೆ ಸೈ ಹಾಕ್ದೋಳು ಇವತ್ತು ಯಾಕಮ್ಮ ತಿರುಗ್ತಿದೀಯ?" ಅಂದ. ಗುಣಿಯಪ್ಪನ ಹಾರೆ ಗೋಡೆಗೆ ಒರಗಿತ್ತು, ಅದನ್ನು ಹಿಡಿದು ಸಮಾಧಿಯ ಮೇಲೆ ಹತ್ತಿ ನಿಂತೆ. ಬಂದವನ ಕಾಲು ಮುರೀತೀನಿ ಅಂದೆ. ನಡುವಿನವನು ಬಂದ. ನಾನು ಬೀಸಿದೆ ಮಾವ. ಎಡಗೈಯ ಬೀಸು, ಆದರೂ ಅವನ ಮೊಣಕಾಲಿಗೆ ತಾಗಿತು, ಅವನು ಕುಸಿದ. ಬೀಸಿದ್ದಕ್ಕೆ ನನಗೆ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಮೂರನೆಯವನು ಹಿಂದಿನಿಂದ ಜುಟ್ಟು ಹಿಡಿದು ಎಳೆದ. ಕಲ್ಲಿನ ಅಂಚು ಹಣೆಗೆ ಬಡಿಯಿತು. ಅದು ಒಣಗುತ್ತಿದೆ, ಚಿಂತೆ ಮಾಡಬೇಡ, ನಿಜವಾಗಿ ಒಣಗುತ್ತಿದೆ.

ಜೆಸಿಬಿಯವನು ಹುಡುಗ, ಹೆದರಿಹೋಗಿದ್ದ. ಬೇಗ ಮುಗಿಸಿ ಹೊರಡಬೇಕು ಅಂತ ಬಕೆಟ್ಟನ್ನು ಒಂದೇ ಸಲಕ್ಕೆ ಪೂರ್ತಿ ಇಳಿಸಿದ. ಅದರ ಹಲ್ಲು ನಿನ್ನ ಬಂಡೆಗೆ ಉಜ್ಜಿದ ಸದ್ದು ಎಲ್ಲರಿಗೂ ಕೇಳಿಸಿತು. ಮೇಲೆತ್ತಿ ಟಾರ್ಪಾಲಿನ ಮೇಲೆ ಸುರಿದ.

ಮಣ್ಣಿನಲ್ಲಿ ಎರಡು ತಲೆಬುರುಡೆ ಇದ್ದವು.

ಹುಡುಗ ಎಂಜಿನ್ ನಿಲ್ಲಿಸಿ ಇಳಿದು ಓಡಿಹೋದ. ದೊಡ್ಡಣ್ಣ ಬಗ್ಗಿ ಎರಡನ್ನೂ ನೋಡಿದ. ಅವನಿಗೆ ಯಾರೂ ಹೇಳಬೇಕಾಗಲಿಲ್ಲ. ಹನ್ನೆರಡು ವರ್ಷ ತಾನು ಹೂವು ಇಟ್ಟದ್ದು ಯಾರ ಮೇಲೆ ಅಂತ ಅವನ ಮುಖದಲ್ಲೇ ಕಾಣುತ್ತಿತ್ತು. "ಬೇರೆ ಮಾಡ್ರೋ. ನಮ್ಮೋನ್ದು ಈ ಕಡೆ, ಅವನ್ದು ಆ ಕಡೆ" ಅಂದ.

ಮೂವರೂ ಮಂಡಿಯೂರಿ ಕೂತರು. ಬಕೆಟ್ ಎಲ್ಲವನ್ನೂ ಕಲಸಿತ್ತು. ಮೂರನೆಯವನು ಒಂದು ಉದ್ದದ ಎಲುಬನ್ನು ತೆಗೆದು, ಇದು ಆ ನಾಯಿಯದು ಅಂತ ಮೋರಿಯ ಕಡೆ ಎಸೆದ. ನಡುವಿನವನು ಕುಂಟುತ್ತಾ ಎದ್ದು ಅವನ ಬಾಯಿಗೆ ಗುದ್ದಿದ, ಅದು ತಮ್ಮನ ತೊಡೆ ಕಣೋ ಅಂತ. ಅವನು ಸಲಿಕೆ ತೆಗೆದುಕೊಂಡು ನಡುವಿನವನ ಹೆಗಲಿಗೆ ಕೊಟ್ಟ. ಅಪ್ಪನ ಹೆಣ ಬಿಸಿಲಲ್ಲಿ ಬಿದ್ದಿದೆ, ಮಕ್ಕಳಿಬ್ಬರು ಎಲುಬಿನ ರಾಶಿಯ ಮೇಲೆ ಹೊರಳಾಡಿ ಒಬ್ಬರನ್ನೊಬ್ಬರು ಕಚ್ಚುತ್ತಿದ್ದಾರೆ. ಬಿಡಿಸಲು ಯಾರೂ ಹೋಗಲಿಲ್ಲ, ಶವದ ಹಿಂದೆ ಬಂದಿದ್ದ ಪೊಲೀಸರೂ. ಅಂದು ಬೀದಿ ನಿಂತು ನೋಡಿದ ಹಾಗೇ ಇಂದೂ ನಿಂತು ನೋಡಿತು.

ದೊಡ್ಡಣ್ಣ ಅವರ ಕಡೆ ತಿರುಗಲೂ ಇಲ್ಲ. ಎರಡೂ ಬುರುಡೆ ಒಡೆದಿದ್ದವು. ಅವನು ಒಂದೊಂದೇ ಚೂರು ಎತ್ತಿ, ಒಡೆದ ಅಂಚಿನ ಮೇಲೆ ಬೆರಳಾಡಿಸಿ ನೋಡುತ್ತಿದ್ದ. ನನ್ನನ್ನು ಹತ್ತಿರ ಕರೆದ. ದನಿ ಮೆತ್ತಗಿತ್ತು.

"ನೀನು ಇದನ್ನೆಲ್ಲ ನೋಡಿದೋಳು, ಹೇಳಮ್ಮ. ಇದು ಅವತ್ತು ನಾನು ಹೊಡೆದ ಏಟಾ, ಇವತ್ತು ಮಷೀನು ಹೊಡೆದಿದ್ದಾ?"

ಎಲ್ಲರ ಮುಂದೆ, ಪೊಲೀಸರ ಮುಂದೆ ಹಾಗೆ ಕೇಳಿದ. ತಾನು ಏನು ಒಪ್ಪಿಕೊಂಡೆ ಅನ್ನುವ ಪರಿವೆಯೇ ಅವನಿಗೆ ಇರಲಿಲ್ಲ, ಪೊಲೀಸರೂ ಬೇರೆ ಕಡೆ ತಿರುಗಿ ನಿಂತರು.

ಅವನ ಬೂಟಿನ ಪಕ್ಕ ಒಂದು ದವಡೆ ಬಿದ್ದಿತ್ತು. ಮುಂದಿನ ಹಲ್ಲು ಅರ್ಧ ಮುರಿದದ್ದು, ಹೊಸ ಮುರಿತ ಅಲ್ಲ, ಅಂಚು ಸವೆದು ನುಣುಪಾಗಿತ್ತು. ನನಗೆ ಗೊತ್ತಾಯಿತು. ಅದೊಂದು ಸಿಕ್ಕಿದರೆ ಅದರ ಬಣ್ಣ ನೋಡಿ, ಕೂಡಿಸಿ, ಒಂದು ಬುರುಡೆಯನ್ನು ಬೇರೆ ಮಾಡಬಹುದು. ಅಷ್ಟಾದರೆ ಮೋರಿಗೆ ಸುರಿಯಲು ಅವನಿಗೆ ಸಾಕು. ತಲೆ ಸುತ್ತಿದವಳ ಹಾಗೆ ಅಲ್ಲೇ ಕುಸಿದು ಕೂತೆ, ನಿಜವಾಗಿ ಸುತ್ತುತ್ತಲೂ ಇತ್ತು. ದವಡೆಯನ್ನು ಸೆರಗಿನ ಮರೆಯಲ್ಲಿ ಹೆಂಟೆಗಳ ನಡುವೆ ತಳ್ಳಿದೆ.

ಹೇಳಲು ಆಗುವುದಿಲ್ಲ ಅಂದೆ.

ಕೊನೆಗೆ ಎಲ್ಲವನ್ನೂ ಒಂದೇ ಬಿಳಿ ಬಟ್ಟೆಯಲ್ಲಿ ಕಟ್ಟಿದರು. ಬೇರೆ ದಾರಿ ಇರಲಿಲ್ಲ, ತಮ್ಮನನ್ನು ಮೋರಿಗೆ ಹಾಕಿದ ಪಾಪ ಯಾರು ಹೊರುತ್ತಾರೆ? ಗಂಟು ಬಿಗಿಯುವ ಮುಂಚೆ ಮೋರಿಗೆ ಎಸೆದ ಎಲುಬನ್ನೂ ಮೂರನೆಯವನೇ ಹೋಗಿ ಹುಡುಕಿ ತಂದ, ಬಾಯಿಯ ರಕ್ತ ಒರೆಸಿಕೊಳ್ಳುತ್ತಾ. ಯಜಮಾನನನ್ನು ಬಂಡೆಯ ಮೇಲೆ ಮಲಗಿಸಿ, ಆ ಗಂಟನ್ನು ಅವನ ಎದೆಯ ಮೇಲೆ ಇಟ್ಟರು. ಮೇಲೆ ಎಳೆದ ಮಣ್ಣಿನ ಜೊತೆ ಆ ದವಡೆಯೂ ಗುಣಿಗೇ ಹೋಯಿತು.

ಪುಟ್ಟಿ

*

ಏಪ್ರಿಲ್ ೧೫

ಪುಟ್ಟಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಾಲ್ಕನೆಯ ಸಲ ಮಗಳು ಕಿತ್ತುಕೊಂಡಳು.

ಅಲ್ಲಿಂದ ಹೊರಟು ಬಾ. ಇಲ್ಲಿ ಮೂರನೆಯ ಮಹಡಿಯಲ್ಲಿ ಇನ್ನೊಂದು ಚಾಪೆಗೆ ಜಾಗ ಇದೆ. ಮುಗಿಯಿತು ಅಂತ ನಿನ್ನ ಕಾಗದ ಹೇಳುತ್ತದೆ. ಆ ದೊಡ್ಡವನು ನನ್ನ ಕಿವಿಗೆ ಹೊಡೆಯುವಾಗ ಅವನ ಕಣ್ಣು ನೋಡಿದ್ದೇನೆ. ನಾನು ಹೆಣವನ್ನು ಮುಚ್ಚಿಡಬಲ್ಲೆನೇ ಹೊರತು ಅಂಥವನ ಹಟವನ್ನು ಅಲ್ಲ. ಅವನು ಮತ್ತೆ ಬರುತ್ತಾನೆ, ಎಲುಬನ್ನು ಬೇರೆ ಮಾಡಲು ಏನಾದರೂ ಒಂದು ಗುರುತು ಹುಡುಕುತ್ತಾನೆ.

ಆ ಹಲ್ಲಿನ ವಿಷಯ ಇನ್ನು ಯಾರಿಗೂ ಹೇಳಬೇಡ. ಮುದುಕಿಗೆ ಹೇಳಿದ್ದೀಯಾ? ಅವಳಿಗೆ ಮಾತಿನ ಚಪಲ, ಮಗನ ಬಗ್ಗೆ ಯಾರು ಕೇಳಿದರೂ ಹೇಳಿಬಿಡುತ್ತಾಳೆ. ನನಗೆ ಭಯವಿರುವುದು ಅವಳದೇ.

ಮಾವ

*

ಏಪ್ರಿಲ್ ೩೦

ಮಾವ,

ಚಾಪೆ ಹಾಸಬೇಡ, ನಾನು ಬರುವುದಿಲ್ಲ. ಗುಣಿಯಪ್ಪನ ಕೈ ಕೂಡಿದೆ, ಸ್ವಲ್ಪ ಸೊಟ್ಟ. ನನ್ನ ಬೆರಳೂ ಅವನ ಕೈಯೂ ಸೇರಿದರೆ ಒಂದು ಪೂರ್ತಿ ಆಳು ಆಗುತ್ತದೆ ಅಂತ ಅವನೇ ತಮಾಷೆ ಮಾಡಿದ. ಅವನು ತಮಾಷೆ ಮಾಡಿದ್ದು ನಾನು ಕೇಳಿದ್ದು ಇದೇ ಮೊದಲು.

ನೀನು ಹೇಳಿದ ಹಾಗೇ ಆಯಿತು. ದೊಡ್ಡಣ್ಣ ಮತ್ತೆ ಬಂದ.

ಇವತ್ತು ಬುಧವಾರ. ಮುದುಕಿ ಗೋಡೆಯಾಚೆ ನಿಲ್ಲಲಿಲ್ಲ. ಗೇಟಿನಿಂದ ಒಳಗೆ ಬಂದು, ದಾರಿಯಲ್ಲಿ ಯಾರನ್ನೂ ಕೇಳದೆ, ನೇರ ಆ ಸಮಾಧಿಯ ಹತ್ತಿರ ಹೋಗಿ ಕೂತಳು. ಹನ್ನೆರಡು ವರ್ಷದಲ್ಲಿ ಮೊದಲ ಬಾರಿ. ಮಣ್ಣಿನ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ಅಷ್ಟರಲ್ಲಿ ಲಾರಿ ಬಂದು ನಿಂತಿತು. ತಮ್ಮಂದಿರಿಬ್ಬರೂ ಪಿಕಾಸಿ ಹಿಡಿದು ಲಾರಿಯ ಪಕ್ಕ ಉಳಿದರು. ದೊಡ್ಡಣ್ಣ ಒಬ್ಬನೇ ಒಳಗೆ ಬಂದ. ಕಣ್ಣು ಕೆಂಪಗೆ, ಗಡ್ಡ ಬೆಳೆದಿದೆ. ನಿದ್ದೆ ಮಾಡಿದವನ ಮುಖ ಅಲ್ಲ.

ನಾನು ಹಾರೆ ಹಿಡಿದು ಓಡಿದೆ. ಅವನು ನನ್ನ ಕಡೆ ನೋಡಲೇ ಇಲ್ಲ. ಮುದುಕಿಯ ಎದುರು ಕುಕ್ಕರಗಾಲಲ್ಲಿ ಕೂತ. ಕೈ ಎತ್ತುತ್ತಾನೆ ಅಂದುಕೊಂಡೆ. ಎತ್ತಲಿಲ್ಲ. ಮನೆಯ ಹಿರಿಯಳ ಹತ್ತಿರ ಮಾತಾಡುವ ಹಾಗೆ ಕೇಳಿದ.

"ಅಮ್ಮಾ, ನಿನ್ ಮಗನ ಬಾಯಲ್ಲಿ ಏನಾದ್ರೂ ಗುರುತು ಇತ್ತಾ? ಹಲ್ಲು ಗಿಲ್ಲು ಮುರಿದಿತ್ತಾ? ನಮ್ಮೋನ್ದು ಎಲ್ಲಾ ನೆಟ್ಟಗಿತ್ತು. ಒಂದು ಹೇಳ್ಬಿಡು. ನಮ್ಮಪ್ಪನ ಎದೆ ಮೇಲಿಂದ ಅವನನ್ನ ತೆಗೆದ್ರೆ ಸಾಕು ನಂಗೆ."

ನನಗೆ ಆ ಹಲ್ಲಿನ ಕಥೆಯನ್ನು ಅವಳು ಎಷ್ಟು ಆಸೆಯಿಂದ ಹೇಳಿದ್ದಳು. ಅದೊಂದನ್ನು ಬಿಟ್ಟರೆ ಮಗನದು ಅಂತ ಅವಳ ಹತ್ತಿರ ಏನೂ ಉಳಿದಿಲ್ಲ. ನಾನು ದವಡೆ ಮುಚ್ಚಿಟ್ಟದ್ದನ್ನು ಅವಳಿಗೆ ಹೇಳಿರಲಿಲ್ಲ, ಎಚ್ಚರಿಸಿರಲೂ ಇಲ್ಲ.

ಮುದುಕಿ ಅವನ ಮುಖವನ್ನು ನೋಡಿದಳು. ಆಮೇಲೆ ಗೇಟಿನ ಹತ್ತಿರದ ಪಿಕಾಸಿಗಳನ್ನು ನೋಡಿದಳು. ಮಣ್ಣಿನ ಮೇಲಿಟ್ಟ ಅಂಗೈಯನ್ನು ಮಾತ್ರ ಎತ್ತಲಿಲ್ಲ.

"ಏನೂ ಇರಲಿಲ್ಲಪ್ಪ," ಅಂದಳು. "ನಿನ್ ತಮ್ಮನ ಹಲ್ಲಿನ ಥರಾನೇ ಇತ್ತು."

ಪುಟ್ಟಿ